ಮಗ ಶಾಲೇಲಿ ಒಬಾಮಾ ಆಗ್ತಾನಂತೆ, ಅತ್ತೆಗೆ ಏನು ಹೇಳಲಿ?

ನೇಪರ್‌ವಿಲ್_ಅಮ್ಮ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮಗ ನಾಲ್ಕನೇ ಕ್ಲಾಸು. ಶಾಲೆಯಲ್ಲಿ ಮುಂದಿನ ವಾರ ವ್ಯಾಕ್ಸ್ ಮ್ಯೂಸಿಯಂ ಇದೆ. ಊರಲ್ಲಿರುವವರಿಗಾಗಿ ಹೇಳ್ತೀನಿ: ಪ್ರತಿ ಮಗು ಒಬ್ಬ ದೊಡ್ಡ ವ್ಯಕ್ತಿಯನ್ನು ಆರಿಸಿಕೊಂಡು, ಅವರ ಬಗ್ಗೆ ಓದಿ, ಅವರ ಹಾಗೆ ಬಟ್ಟೆ ಹಾಕಿಕೊಂಡು ಮೇಣದ ಗೊಂಬೆ ತರ ಅಲ್ಲಾಡದೆ ನಿಲ್ಲಬೇಕು. ಮುಂದೆ ನೆಲದ ಮೇಲೆ ಕೆಂಪು ಕಾಗದದ ಬಟನ್ ಅಂಟಿಸಿರ್ತಾರೆ. ಯಾರಾದರೂ ಅದನ್ನು ತುಳಿದರೆ ಗೊಂಬೆಗೆ ಜೀವ ಬಂದು "ನಾನು ಇಂಥವನು, ಇಂಥ ಕಡೆ ಹುಟ್ಟಿದೆ" ಅಂತ ಒಂದು ನಿಮಿಷ ಮಾತಾಡುತ್ತೆ. ನಮ್ಮ ಛದ್ಮವೇಷ ಸ್ಪರ್ಧೆ ತರ ಅಂದ್ಕೊಳ್ಳಿ.

ಇವನು ಒಬಾಮಾನ ಆರಿಸಿಕೊಂಡಿದ್ದಾನೆ. ನಾವೇನೂ ಹೇಳಿಕೊಟ್ಟಿದ್ದಲ್ಲ. ಯಾಕೋ ಅಂದ್ರೆ, "ಅವರ ಹೆಸರೂ ಯಾರ ಬಾಯಿಗೂ ಸರಿಯಾಗಿ ಬರ್ತಿರಲಿಲ್ಲವಂತೆ" ಅಂದ. (ಇವನ ಹೆಸರನ್ನು ಕ್ಲಾಸಲ್ಲಿ ನಾಲ್ಕು ತರ ಕರೀತಾರೆ.)

ಹಾಸನದಿಂದ ಅತ್ತೆ ಬಂದಿದ್ದಾರೆ, ಆರು ತಿಂಗಳಿಗೆ. ಅವರು ಕೇಳಿದ ತಕ್ಷಣ, "ಅಷ್ಟೊಂದು ಜನ ಇರುವಾಗ ಹೋಗಿ ಹೋಗಿ ಆ ಕರಿಯನೇ ಬೇಕಾಗಿತ್ತಾ? ಐನ್‌ಸ್ಟೈನ್ ಆಗಪ್ಪ, ಚೆನ್ನಾಗಿರುತ್ತೆ" ಅಂದರು. ಮಗ ಒಪ್ಪಲಿಲ್ಲ. "ಸರಿ ಹಾಗಾದ್ರೆ, ಮುಖಕ್ಕೆ ಸ್ವಲ್ಪ ಕಾಡಿಗೆ ಬಳಿದರಾಯ್ತು ಬಿಡು" ಅಂತ ಅವರೇ ದಾರಿ ಹುಡುಕಿದರು. ಮನಸ್ಸಲ್ಲಿ ಕೆಟ್ಟದ್ದೇನೂ ಇಲ್ಲ, ಮೊಮ್ಮಗನ ವೇಷ ಚೆನ್ನಾಗಿ ಕಾಣಲಿ ಅಂತ ಅಷ್ಟೆ. ಮಗ ನನ್ನ ಮುಖ ನೋಡಿದ. ನಮ್ಮನೆಯವರು ಲ್ಯಾಪ್‌ಟಾಪಿಂದ ತಲೆ ಎತ್ತದೆ, "ಅವನು ಬಂದ ಮೇಲೇ ಇಲ್ಲಿ ಕಪ್ಪು ಬಿಳಿ ಜಗಳ ಜಾಸ್ತಿ ಆಗಿದ್ದು" ಅಂತ ಒಂದು ಬಾಂಬ್ ಹಾಕಿ ಸುಮ್ಮನಾದರು.

ನಿಜಾನಾ ಇದು? ಎಂಟು ವರ್ಷ ಕಪ್ಪು ಮನುಷ್ಯ ಒಬ್ಬ ಶ್ವೇತಭವನದಲ್ಲಿ ಇದ್ದಿದ್ದರಿಂದ ಜನರ ಮನಸ್ಸಲ್ಲಿ ಏನಾದರೂ ಬದಲಾಯ್ತಾ, ಇಲ್ವಾ? ಮತ್ತೆ ಅತ್ತೆಗೆ ಬೇಜಾರಾಗದ ಹಾಗೆ ಹೇಳೋದು ಹೇಗೆ?

ಡಲ್ಲಾಸ್_ದತ್ತು:
ಕಾಡಿಗೆ ಮಾತ್ರ ಬೇಡ!!! ದಮ್ಮಯ್ಯ!!!

ಕಾಫಿಪುಡಿ:
ಕಾಡಿಗೆ ಬೇಡ. ಕಿವಿ ಸ್ವಲ್ಪ ದೊಡ್ಡದು ಮಾಡಿ. ಅದನ್ನು ಒಬಾಮಾನೇ ತಮಾಷೆ ಮಾಡಿಕೊಳ್ತಿದ್ದರು.

ನೇಪರ್‌ವಿಲ್_ಅಮ್ಮ:
ದತ್ತು ಅವರೇ, ಬಳಿಯಲ್ಲ ಬಿಡಿ, ಅಷ್ಟು ನನಗೂ ಗೊತ್ತು. ಆದರೆ ಯಾಕೆ ಬೇಡ ಅಂತ ಅತ್ತೆ ಕೇಳಿದರೆ ಏನು ಹೇಳೋದು? ಊರಲ್ಲಿ ಕೃಷ್ಣನ ವೇಷಕ್ಕೆ ನೀಲಿ ಬಳೀತೀವಲ್ಲ ಅಂತಾರೆ.

ಡಲ್ಲಾಸ್_ದತ್ತು:
ಹೀಗೆ ಹೇಳಿ. ಸುಮಾರು 200 ವರ್ಷದ ಹಿಂದೆ ಇಲ್ಲಿ ಬಿಳಿ ನಟರು ಬಿರಡೆ ಸುಟ್ಟು, ಆ ಮಸಿಯನ್ನು ಮುಖಕ್ಕೆ ಬಳಿದುಕೊಂಡು, ಕಪ್ಪು ಜನ ಅಂದರೆ ಪೆದ್ದರು, ಸೋಮಾರಿಗಳು ಅಂತ ಕುಣಿದು ನಗಿಸ್ತಿದ್ದರು. ಊರೂರಲ್ಲಿ ಟಿಕೆಟ್ ಇಟ್ಟು ಆಡ್ತಿದ್ದ ಆಟ. ಅದರಲ್ಲಿ ಒಂದು ಪಾತ್ರದ ಹೆಸರು ಜಿಮ್ ಕ್ರೋ. ಆಮೇಲೆ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಲ್ಲಿ ಹಿಂದಿನ ಸೀಟು ಅಂತ ಮಾಡಿದ ಕಾನೂನುಗಳಿಗೂ ಅದೇ ಹೆಸರು ಅಂಟಿಕೊಂಡಿತು. ಕೃಷ್ಣನ ನೀಲಿ ಬಳಿಯೋದು ಕೈ ಮುಗಿಯೋಕೆ. ಇದು ಗೇಲಿ ಮಾಡೋಕೆ. ಬೇರೆ ನಲ್ಲಿ, ಬೇರೆ ಲೋಟ ಅಂದರೆ ನಮ್ಮ ಕಡೆಯ ಹಿರಿಯರಿಗೆ ಜಾಸ್ತಿ ವಿವರಿಸಬೇಕಾಗಲ್ಲ.

ಬಸವನಗುಡಿ_ಬಾಂಡ್ಲಿ:
ಎಲ್ಲದಕ್ಕೂ ಜಾತಿ ತರಬೇಡಿ ಸ್ವಾಮಿ. ಇನ್ನು "ಕರಿಯ" ಅನ್ನೋದು ಬೈಗುಳ ಅಲ್ಲ. ನಮ್ಮಲ್ಲಿ ಕರಿಯಪ್ಪ ಇದ್ದಾರೆ, ಕರಿಯಮ್ಮ ದೇವಿ ಇದ್ದಾಳೆ.

ಕಾಫಿಪುಡಿ:
ಕರಿಯಮ್ಮನಿಗೆ ಕೈ ಮುಗಿದು ಮನೆಗೆ ಬಂದು ಮಗಳ ಮುಖಕ್ಕೆ ಫೇರ್‌ನೆಸ್ ಕ್ರೀಮ್ ಹಚ್ಚೋರು ನಾವು.

ರಾಗಿರೊಟ್ಟಿ:
ನಾನು 2008ರಲ್ಲಿ ಷಿಕಾಗೋದಲ್ಲಿ ಓದ್ತಿದ್ದೆ. ನವೆಂಬರ್ 4ರ ರಾತ್ರಿ ಗ್ರ್ಯಾಂಟ್ ಪಾರ್ಕ್ ಹತ್ತಿರ ಇದ್ದೆ. ಒಳಗೆ ಹೋಗಲು ಟಿಕೆಟ್ ಸಿಗಲಿಲ್ಲ, ಹೊರಗೆ ರಸ್ತೆಯಲ್ಲೇ ನಿಂತಿದ್ದೆವು. ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು ಅಂತ ಆಮೇಲೆ ಓದಿದೆ. ನವೆಂಬರ್ ಆದರೂ ಆ ರಾತ್ರಿ ಚಳಿಯೇ ಇರಲಿಲ್ಲ. ಫಲಿತಾಂಶ ಬಂದಾಗ ನನ್ನ ಪಕ್ಕದಲ್ಲಿದ್ದ ವಯಸ್ಸಾದ ಕಪ್ಪು ಹೆಂಗಸು ಕೂಗಲಿಲ್ಲ, ಕುಣಿಯಲಿಲ್ಲ, ಸುಮ್ನೆ ಫುಟ್‌ಪಾತ್ ಅಂಚಿನಲ್ಲಿ ಕೂತುಬಿಟ್ಟರು. ನಾನು ನೀರು ಕೊಟ್ಟೆ. ಕುಡಿಯದೆ ಬಾಟಲಿ ಹಿಡಿದುಕೊಂಡೇ ಇದ್ದರು.

ಆದರೆ ನನಗೆ ಜಾಸ್ತಿ ನೆನಪಿರೋದು ಮರುದಿನ. ನಮ್ಮ ಲ್ಯಾಬಿಗೆ ರಾತ್ರಿ ಕಸ ಗುಡಿಸಲು ಒಬ್ಬರು ಬರ್ತಿದ್ದರು. ಎರಡು ವರ್ಷದಲ್ಲಿ ತಲೆ ಅಲ್ಲಾಡಿಸಿದ್ದು ಬಿಟ್ಟರೆ ಮಾತಾಡಿದ್ದೇ ಇಲ್ಲ, ನಾನೂ ಮಾತಾಡಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವತ್ತು ಅವರು ಯೂನಿಫಾರ್ಮ್ ಮೇಲೆ ಟೈ ಕಟ್ಟಿಕೊಂಡು ಬಂದಿದ್ದರು. ಕೈಯಲ್ಲಿ ಅದೇ ಮಾಪು. "ಗುಡ್ ಈವ್ನಿಂಗ್" ಅಂದರು. ಏನು ಬದಲಾಯ್ತು ಅಂತ ಕೇಳಿದರೆ ನನಗೆ ಆ ಟೈ ನೆನಪಾಗುತ್ತೆ. ಕೆಲಸ ಬದಲಾಗಲಿಲ್ಲ, ಸಂಬಳ ಬದಲಾಗಲಿಲ್ಲ, ಅದೂ ಗೊತ್ತು.

ಬಸವನಗುಡಿ_ಬಾಂಡ್ಲಿ:
ಇವೆಲ್ಲ ಭಾವನೆ. ನಮಗೇನು ಮಾಡಿದ ಆತ? 2009ರ ಮೇ ತಿಂಗಳಲ್ಲಿ "ನ್ಯೂಯಾರ್ಕಿನ ಬಫಲೋದಲ್ಲಿ ಕೆಲಸ ಕೊಡುವವರಿಗಿಂತ ಬೆಂಗಳೂರಲ್ಲಿ ಕೆಲಸ ಕೊಡುವವರಿಗೆ ಟ್ಯಾಕ್ಸ್ ಕಮ್ಮಿ, ಇದು ಸರಿಯಲ್ಲ" ಅಂತ ಭಾಷಣ ಬಿಗಿದ. ನಮ್ಮ ಊರ ಹೆಸರು ಹಿಡಿದೇ ಹೇಳಿದ. ನಾನಾಗ ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದೆ. ಆ ವಾರ ಪೂರ್ತಿ ಕ್ಯಾಂಟೀನಲ್ಲಿ ಇದೇ ಮಾತು.

ಕಾಫಿಪುಡಿ:
ನಮ್ಮ ಆಫೀಸಲ್ಲಂತೂ "ನಮ್ಮನ್ನು ಎಮ್ಮೆಗೆ ಹೋಲಿಸಿದ" ಅಂತ ಒಬ್ಬ ನಿಜವಾಗಲೂ ನಂಬಿದ್ದ.

ಮೇಷ್ಟ್ರು_ತುಮಕೂರು:
ಮೂಲ ಪ್ರಶ್ನೆಗೆ ಬರೋಣ. ಒಂದು ಫೋಟೋ ಇದೆ, ನಿಮ್ಮ ಮಗನಿಗೆ ತೋರಿಸಿ. 2009ರ ಮೇ. ಶ್ವೇತಭವನದಲ್ಲಿ ಕೆಲಸ ಮುಗಿಸಿ ಹೋಗುತ್ತಿದ್ದ ಒಬ್ಬ ನೌಕರ ಅಧ್ಯಕ್ಷರ ಜೊತೆ ಫೋಟೋ ತೆಗೆಸಿಕೊಳ್ಳಲು ಹೆಂಡತಿ ಮಕ್ಕಳನ್ನು ಕರೆತಂದಿದ್ದ. ಐದು ವರ್ಷದ ಮಗ ಮೆಲ್ಲಗೆ, ನಿಮ್ಮ ಕೂದಲು ನನ್ನ ಕೂದಲಿನ ಹಾಗೇ ಇದೆಯಾ ಅಂತ ಕೇಳಿದ. ಮುಟ್ಟಿ ನೋಡು ಅಂತ ಒಬಾಮಾ ಬಗ್ಗಿದರು. ಸೂಟು ಹಾಕಿದ ಅಷ್ಟೆತ್ತರದ ಮನುಷ್ಯ ಸೊಂಟ ಬಗ್ಗಿಸಿ ತಲೆ ಕೊಟ್ಟಿದ್ದಾರೆ, ಆ ಪುಟ್ಟ ಹುಡುಗ ಕೈ ಚಾಚಿ ಮುಟ್ಟುತ್ತಿದ್ದಾನೆ. ಅಲ್ಲಿ ಗೋಡೆಯ ಫೋಟೋಗಳನ್ನು ಆಗಾಗ ಬದಲಾಯಿಸುತ್ತಿದ್ದರಂತೆ, ಇದೊಂದನ್ನು ವರ್ಷಗಟ್ಟಲೆ ತೆಗೆಯಲೇ ಇಲ್ಲ.

ಮೂವತ್ತು ವರ್ಷ ಪಾಠ ಮಾಡಿದವನು ನಾನು. ಮಕ್ಕಳಿಗೆ ನೀತಿ ಹೇಳಿದರೆ ಕಿವಿಗೆ ಹೋಗಲ್ಲ. ತಮ್ಮ ಹಾಗೆ ಕಾಣುವ ಒಬ್ಬರು ಆ ಕುರ್ಚಿಯಲ್ಲಿ ಕೂತಿದ್ದು ಕಂಡರೆ ಸಾಕು. ಒಬಾಮಾ ಗೆದ್ದ ಮೇಲೆ ಕಪ್ಪು ವಿದ್ಯಾರ್ಥಿಗಳ ಅಂಕ ಕೂಡ ಏರಿತು ಅಂತ ಅಧ್ಯಯನವೇ ಆಗಿದೆ.

ಅಟ್ಲಾಂಟಾ_ಅಳಿಯ:
ಮೇಷ್ಟ್ರೇ, ಫೋಟೋ ವಿಷಯ ಒಪ್ಪಿದೆ. ಅಂಕದ್ದು ಸ್ವಲ್ಪ ತಾಳಿ. ಹಾಗೊಂದು ಅಧ್ಯಯನ 2009ರಲ್ಲಿ ಬಂದಿದ್ದು ನಿಜ, "ಒಬಾಮಾ ಎಫೆಕ್ಟ್" ಅಂತ ಪೇಪರಲ್ಲೆಲ್ಲ ಬಂತು. ಬೇರೆಯವರು ಪರೀಕ್ಷೆ ಮಾಡಿ ನೋಡಿದಾಗ ಆ ಪರಿಣಾಮ ಕಾಣಲಿಲ್ಲ. ಅದು ಪೇಪರಲ್ಲಿ ಅಷ್ಟು ದೊಡ್ಡದಾಗಿ ಬರಲಿಲ್ಲ.

ಮೇಷ್ಟ್ರು_ತುಮಕೂರು:
ಹೌದೇ? ಸರಿ, ವಾಪಸ್ ತಗೊಂಡೆ. ಫೋಟೋ ಮಾತ್ರ ವಾಪಸ್ ತಗೊಳ್ಳಲ್ಲ.

ಡಲ್ಲಾಸ್_ದತ್ತು:
ಫೋಟೋ ತೆಗೆದು ಎರಡು ತಿಂಗಳಿಗೆ ಏನಾಯ್ತು ಅಂತಲೂ ಹೇಳಿ. 2009ರ ಜುಲೈ. ಹಾರ್ವರ್ಡ್ ಪ್ರೊಫೆಸರ್ ಹೆನ್ರಿ ಲೂಯಿಸ್ ಗೇಟ್ಸ್ ಚೀನಾ ಪ್ರವಾಸ ಮುಗಿಸಿ ಮನೆಗೆ ಬಂದರೆ ಬಾಗಿಲು ಜಾಮ್. ಡ್ರೈವರ್ ಜೊತೆ ಸೇರಿ ತಳ್ಳಿದರು. ಯಾರೋ ಕಳ್ಳರು ಅಂತ ಪೊಲೀಸರಿಗೆ ಫೋನ್ ಹೋಯ್ತು. ಕೊನೆಗೆ ಸ್ವಂತ ಮನೆ ಜಗಲಿ ಮೇಲೆ ಪ್ರೊಫೆಸರ್ ಕೈಗೆ ಕೋಳ! ಪೊಲೀಸರು ಮೂರ್ಖತನ ಮಾಡಿದರು ಅಂತ ಒಬಾಮಾ ಒಂದು ಮಾತು ಆಡಿದ್ದಕ್ಕೆ ದೇಶವೇ ಮೇಲೆ ಬಿತ್ತು. ಕೊನೆಗೆ ಪ್ರೊಫೆಸರನ್ನೂ ಪೊಲೀಸನ್ನೂ ಶ್ವೇತಭವನದ ಹಿತ್ತಲಿಗೆ ಕರೆಸಿ ಬಿಯರ್ ಕೊಟ್ಟು ಪಂಚಾಯ್ತಿ ಮುಗಿಸಬೇಕಾಯ್ತು. ಎಂಟು ವರ್ಷದಲ್ಲಿ ಬಿಳಿಯರ ಬೆಂಬಲ ಬೇರೆ ಯಾವ ಒಂದು ಘಟನೆಗಿಂತ ಇದರಿಂದಲೇ ಜಾಸ್ತಿ ಕಳೆದುಕೊಂಡೆ ಅಂತ ಒಬಾಮಾನೇ ಆಮೇಲೆ ಬರೆದುಕೊಂಡಿದ್ದಾರೆ.

ಅಂದರೆ ಕಪ್ಪು ಅಧ್ಯಕ್ಷ ಕಪ್ಪು ಜನರ ಬಗ್ಗೆ ಮಾತ್ರ ಬಾಯಿ ಬಿಡಬಾರದು. ಬೇರೆ ಎಲ್ಲ ಮಾತಾಡಬಹುದು.

ಅಟ್ಲಾಂಟಾ_ಅಳಿಯ:
ಕಪ್ಪು ಜನರಿಗೇ ಬುದ್ಧಿ ಹೇಳೋಕೆ ಬಾಯಿ ಬಿಡ್ತಿದ್ದರಲ್ಲ! ಅದೂ ಒಂದು ದೂರು ಇದೆ. 2008ರ ಅಪ್ಪಂದಿರ ದಿನ ಷಿಕಾಗೋದ ಚರ್ಚಲ್ಲಿ, ಮಕ್ಕಳನ್ನು ಬಿಟ್ಟು ಹೋಗೋ ಕಪ್ಪು ಅಪ್ಪಂದಿರನ್ನು ತರಾಟೆಗೆ ತಗೊಂಡರು. ಆಮೇಲೆ ಕಪ್ಪು ಜನರ ಹಿರಿಯ ಹೋರಾಟಗಾರ ಜೆಸ್ಸಿ ಜಾಕ್ಸನ್ ಮೈಕ್ ಆಫ್ ಆಗಿದೆ ಅಂದುಕೊಂಡು ಒಬಾಮಾನ ಕೆಟ್ಟದಾಗಿ ಬೈದು ಸಿಕ್ಕಿಬಿದ್ದರು. 2013ರಲ್ಲಿ ನಮ್ಮೂರ ಮೋರ್‌ಹೌಸ್ ಕಾಲೇಜಿನ ಪದವಿ ಸಮಾರಂಭದಲ್ಲೂ ಅದೇ ಧಾಟಿ, ನೆಪ ಹೇಳಬೇಡಿ ಅಂತ. ನನ್ನ ಜೊತೆ ಕೆಲಸ ಮಾಡುವ ಒಬ್ಬರ ತಮ್ಮ ಅವತ್ತು ಡಿಗ್ರಿ ತಗೊಂಡವರಲ್ಲಿ ಒಬ್ಬ. ಮಳೆಯಲ್ಲಿ ನೆನೀತಾ ಕೂತು ಕೇಳಿದನಂತೆ. "ಕಷ್ಟಪಟ್ಟು ಡಿಗ್ರಿ ತಗೊಳ್ಳೋ ದಿನವೂ ನನ್ನ ತಮ್ಮನಿಗೇ ಯಾಕೆ ಬೈಬೇಕು?" ಅಂತ ಅವರಿಗೆ ಇವತ್ತಿಗೂ ಸಿಟ್ಟು. ಹಾಗಂತ ಅವರ ಮನೆ ಹಾಲ್‌ನಲ್ಲಿ ಒಬಾಮಾ ಫೋಟೋ ಇದೆ. ಎರಡೂ ನಿಜ.

ಆದರೆ ಜನ ಮರೆತಿರೋ ಒಂದು ಕೆಲಸ ಇದೆ. ಕೊಕೇನ್ ಪುಡಿ 500 ಗ್ರಾಂ ಸಿಕ್ಕರೆ ಕನಿಷ್ಠ ಐದು ವರ್ಷ ಜೈಲು. ಅದನ್ನೇ ಬೇಯಿಸಿ ಗಟ್ಟಿ ಮಾಡಿದ ಕ್ರ್ಯಾಕ್ ಆದರೆ 5 ಗ್ರಾಂಗೇ ಐದು ವರ್ಷ. ಕ್ರ್ಯಾಕ್ ಕೇಸಲ್ಲಿ ಒಳಗೆ ಹೋಗ್ತಿದ್ದವರು ಹೆಚ್ಚಿನವರು ಕಪ್ಪು ಜನ. ಒಂದಕ್ಕೆ ನೂರರ ಈ ಲೆಕ್ಕವನ್ನು 2010ರಲ್ಲಿ ಒಂದಕ್ಕೆ ಹದಿನೆಂಟಕ್ಕೆ ಇಳಿಸಿದರು. ಪೂರ್ತಿ ಸಮ ಮಾಡಲಿಲ್ಲ, ಆದರೂ ಎಷ್ಟೋ ಜನರ ಜೈಲು ವರ್ಷ ಕಮ್ಮಿ ಆಯ್ತು. ಇದು ಯಾವ ಪೋಸ್ಟರಲ್ಲೂ ಬರಲ್ಲ.

ಮಂಡ್ಯ_ಮೈಷುಗರ್:
ನಮ್ಮ ವಿವೇಕ್ ಮೂರ್ತಿಯನ್ನು ಸರ್ಜನ್ ಜನರಲ್, ಅಂದರೆ ಅಮೆರಿಕ ಸರ್ಕಾರದ ಮುಖ್ಯ ವೈದ್ಯ, ಮಾಡಿದ್ದು ಒಬಾಮಾ ಅನ್ನೋದನ್ನು ಯಾರೂ ಹೇಳ್ತಾ ಇಲ್ಲ! ಹಲ್ಲೇಗೆರೆ, ಮಂಡ್ಯ ಜಿಲ್ಲೆ! ಜೈ ಮಂಡ್ಯ!

ಕಾಫಿಪುಡಿ:
ಹುಟ್ಟಿದ್ದು ಇಂಗ್ಲೆಂಡ್, ಬೆಳೆದದ್ದು ಮಯಾಮಿ, ಜೈ ಮಂಡ್ಯ.

ಮಂಡ್ಯ_ಮೈಷುಗರ್:
ಬೇರು ಎಲ್ಲಿದೆ ಹೇಳಿ. ಕಬ್ಬು ಎಲ್ಲಿ ಅರೆದರೂ ಕಬ್ಬೇ.

ಡಲ್ಲಾಸ್_ದತ್ತು:
ಅವರ ನೇಮಕ ಒಂದು ವರ್ಷಕ್ಕೂ ಹೆಚ್ಚು ಸೆನೆಟಲ್ಲಿ ಕೊಳೀತು. ಬಂದೂಕು ಕೂಡ ಆರೋಗ್ಯದ ವಿಷಯ ಅಂದಿದ್ದಕ್ಕೆ ಬಂದೂಕು ಲಾಬಿ ಅಡ್ಡ ನಿಂತಿತ್ತು. 2014ರ ಡಿಸೆಂಬರಲ್ಲಿ 51-43ರಲ್ಲಿ ಪಾಸಾಯ್ತು. ಅವತ್ತು ನಮ್ಮ ಕನ್ನಡ ಕೂಟದ ಗ್ರೂಪಲ್ಲಿ "ನಮ್ಮ ಹುಡುಗ" ಅಂತ ಇನ್ನೂರು ಮೆಸೇಜು. ಅದೇ ಗ್ರೂಪಲ್ಲಿ ಮರುವಾರ ಯಾರೋ ಮನೆ ಕೊಳ್ಳೋಕೆ ಏರಿಯಾ ಕೇಳಿದಾಗ "ಆ ಕಡೆ ಬೇಡ, ಅಲ್ಲಿ ಅವರು ಜಾಸ್ತಿ" ಅಂತ ಉತ್ತರ. "ಅವರು" ಅಂದರೆ ಯಾರು ಅಂತ ಯಾರೂ ಕೇಳಲ್ಲ. ಎಲ್ಲರಿಗೂ ಗೊತ್ತು.

ಬಸವನಗುಡಿ_ಬಾಂಡ್ಲಿ:
ಮಕ್ಕಳಿಗೆ ಒಳ್ಳೆ ಶಾಲೆ ನೋಡೋದು ತಪ್ಪಾ? ನಾವು ಓದಿ, ಕಷ್ಟಪಟ್ಟು, ಲೈನಲ್ಲಿ ನಿಂತು ಬಂದವರು. ಯಾರ ಋಣವೂ ಇಲ್ಲ.

ಡಲ್ಲಾಸ್_ದತ್ತು:
ಋಣ ಇದೆ ಸಾರ್. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅನ್ನುವವರು, ಅಮೆರಿಕದ ಸೈನ್ಯದಲ್ಲಿ ಇದ್ದವರು, ಪೌರತ್ವ ಕೇಳಿದಾಗ ಇಲ್ಲಿನ ಸುಪ್ರೀಂ ಕೋರ್ಟ್ ನೀನು ಬಿಳಿಯ ಅಲ್ಲ, ಕೊಡಲ್ಲ ಅಂತು. ಆಗಲೇ ಪೌರತ್ವ ಪಡೆದಿದ್ದ ಎಷ್ಟೋ ಭಾರತೀಯರದ್ದನ್ನೂ ಕಿತ್ತುಕೊಂಡರು. 1946ರಲ್ಲಿ ಬಾಗಿಲು ತೆಗೆದರು, ವರ್ಷಕ್ಕೆ ಬರೀ 100 ಜನಕ್ಕೆ! ನಿಜವಾಗಿ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಅದರ ಹಿಂದಿನ ವರ್ಷ ನಾಗರಿಕ ಹಕ್ಕು ಕಾನೂನು ಬಂದಿತ್ತು. ಅದಕ್ಕಾಗಿ ಬೀದಿಯಲ್ಲಿ ನಾಯಿಯಿಂದ ಕಚ್ಚಿಸಿಕೊಂಡವರು ಯಾರು? ನಮ್ಮಪ್ಪ ಅಲ್ಲ, ನಿಮ್ಮಪ್ಪನೂ ಅಲ್ಲ. ನಾವು ಲೈನಲ್ಲಿ ನಿಂತಿದ್ದು ನಿಜ. ಲೈನ್ ಇದ್ದಿದ್ದು ಅವರಿಂದ.

ಬಸವನಗುಡಿ_ಬಾಂಡ್ಲಿ:
ಸರಿ, ಅಷ್ಟು ವಿವರ ಗೊತ್ತಿರಲಿಲ್ಲ. ಆದರೂ ಜಗಳ ಜಾಸ್ತಿ ಆಗಿದ್ದು ಒಬಾಮಾ ಕಾಲದಲ್ಲೇ ಅನ್ನೋದಕ್ಕೆ ಉತ್ತರ ಬಂದಿಲ್ಲ.

ರಾಗಿರೊಟ್ಟಿ:
ಜಗಳ ಮೊದಲೂ ಇತ್ತು. ಮೊಬೈಲ್ ಕ್ಯಾಮೆರಾ ಇರಲಿಲ್ಲ ಅಷ್ಟೆ. 2014ರಲ್ಲಿ ನ್ಯೂಯಾರ್ಕಲ್ಲಿ ಪೊಲೀಸರು ಎರಿಕ್ ಗಾರ್ನರ್ ಅನ್ನೋ ಕಪ್ಪು ಮನುಷ್ಯನ ಕತ್ತು ಹಿಡಿದು ಸಾಯಿಸಿದ್ದನ್ನು ಗೆಳೆಯ ವಿಡಿಯೋ ಮಾಡದಿದ್ದರೆ ಅದು ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಆಗ್ತಿತ್ತು.

ಅಟ್ಲಾಂಟಾ_ಅಳಿಯ:
ಅರ್ಧ ಒಪ್ಪುತ್ತೇನೆ. ಕ್ಯಾಮೆರಾ ಒಂದೇ ಕಾರಣ ಅಲ್ಲ. ಕಪ್ಪು ಕುಟುಂಬ ಆ ಮನೆಯಲ್ಲಿ ಇರೋದನ್ನೇ ಕೆಲವರಿಗೆ ನುಂಗೋಕೆ ಆಗಲಿಲ್ಲ. ಕುರ್ಚಿಯಲ್ಲಿ ಕೂತ ಅಧ್ಯಕ್ಷ 2011ರ ಏಪ್ರಿಲಲ್ಲಿ ತನ್ನ ಪೂರ್ತಿ ಜನನ ಪ್ರಮಾಣಪತ್ರ ತೆಗೆದು ಊರಿಗೆಲ್ಲ ತೋರಿಸಬೇಕಾಯ್ತು, ನಾನು ಹವಾಯಿಯಲ್ಲೇ ಹುಟ್ಟಿದ್ದು ಅಂತ. ಇನ್ಯಾವ ಅಧ್ಯಕ್ಷನಿಗೆ ಈ ಗತಿ ಬಂದಿತ್ತು? ಅವರು ಜಗಳ ತಂದರು ಅನ್ನೋದು, ಮನೆಗೆ ದೀಪ ತಂದವನೇ ಜಿರಳೆ ತಂದ ಅಂದ ಹಾಗೆ.

ಇನ್ನೊಂದು. 2015ರ ಜೂನ್, ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್. ಚರ್ಚಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಕಪ್ಪು ಜನರನ್ನು, ಅವರ ಜೊತೆಯೇ ಸುಮಾರು ಒಂದು ಗಂಟೆ ಕೂತಿದ್ದ ಬಿಳಿ ಹುಡುಗ ಗುಂಡಿಟ್ಟು ಕೊಂದ. ಅಲ್ಲಿನ ಪಾದ್ರಿಯ ಅಂತ್ಯಕ್ರಿಯೆಯಲ್ಲಿ ಒಬಾಮಾ ಮಾತಾಡ್ತಾ ಮಾತಾಡ್ತಾ ನಿಲ್ಲಿಸಿಬಿಟ್ಟರು. ತಲೆ ತಗ್ಗಿಸಿ ಸುಮ್ಮನೆ ನಿಂತರು. ಮಾತು ಮರೆತರೇನೋ ಅನ್ನಿಸಿತು. ಆಮೇಲೆ ಒಬ್ಬರೇ "ಅಮೇಜಿಂಗ್ ಗ್ರೇಸ್" ಹಾಡೋಕೆ ಶುರು ಮಾಡಿದರು. ಶ್ರುತಿ ಅಷ್ಟೇನೂ ಚೆನ್ನಾಗಿರಲಿಲ್ಲ. ಹಿಂದೆ ಕೂತಿದ್ದ ನೇರಳೆ ನಿಲುವಂಗಿಯ ಬಿಷಪ್‌ಗಳು ನಕ್ಕು ಎದ್ದು ನಿಂತರು, ಆರ್ಗನ್ ನುಡಿಸುವವರು ಶ್ರುತಿ ಹಿಡಿದುಕೊಂಡರು, ಇಡೀ ಸಭೆ ಹಾಡಿತು. ಭಜನೆ ಮನೆಯಲ್ಲಿ ಅಜ್ಜ ಎತ್ತಿಕೊಟ್ಟರೆ ಉಳಿದವರು ಹಿಡಿಯೋ ಹಾಗೆ. ಎರಡು ವಾರಕ್ಕೆ ಆ ರಾಜ್ಯದ ವಿಧಾನಸಭೆ ಅಂಗಳದಿಂದ ಗುಲಾಮಿ ಕಾಲದ ದಕ್ಷಿಣ ರಾಜ್ಯಗಳ ಬಾವುಟ ಇಳಿಯಿತು. ಇಳಿಸೋ ಮಸೂದೆಗೆ ಸಹಿ ಹಾಕಿದ ಗವರ್ನರ್ ನಿಕ್ಕಿ ಹೇಲಿ, ಪಂಜಾಬಿ ಮನೆಯ ಮಗಳು, ಒಬಾಮಾ ಪಕ್ಷದವರೂ ಅಲ್ಲ.

ಯಲ್ಲಾಪುರದವ:
ಇಷ್ಟು ದಿನ ಸುಮ್ಮನೆ ಓದಿಕೊಂಡು ಹೋಗ್ತಿದ್ದೆ. ಅಮೆರಿಕದ ಮಾತು ಸಾಕು, ನಮ್ಮ ಕಡೆ ಬನ್ನಿ. ನನ್ನ ಜೊತೆ ಹೈಸ್ಕೂಲಲ್ಲಿ ಓದಿದವರಲ್ಲಿ ಮೂವರು ಸಿದ್ದಿಗಳು, ಆಫ್ರಿಕಾ ಮೂಲದ ನಮ್ಮ ಉತ್ತರ ಕನ್ನಡದ ಜನ. ಈಗಲೂ ಒಬ್ಬ ನನ್ನ ಜೀವದ ಗೆಳೆಯ. ಅವನು ಬೆಂಗಳೂರಿಗೆ ಹೋದರೆ ಆಟೋದವರು ಇಂಗ್ಲಿಷಲ್ಲಿ ಡಬಲ್ ರೇಟು ಹೇಳ್ತಾರೆ. ಇವನು "ಯಾಕಣ್ಣ, ಮೀಟರ್ ಹಾಕಲ್ವಾ" ಅಂದರೆ, "ಅರೆ, ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ದೀರಿ, ಯಾವ ದೇಶ?" ಅಂತಾರೆ. ಇವನು "ಯಲ್ಲಾಪುರ ದೇಶ" ಅಂತಾನೆ.

ತಮಾಷೆಯಾಗಿ ಹೇಳ್ತಾನೆ, ಆದರೆ 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟ ರಸ್ತೆ ಕಡೆ ಸುಡಾನಿನವನೊಬ್ಬನ ಕಾರು ಹೊಡೆದು ಹೆಂಗಸು ಸತ್ತಾಗ, ಅದಕ್ಕೂ ತನಗೂ ಸಂಬಂಧವೇ ಇಲ್ಲದೆ ಆಮೇಲೆ ಆ ದಾರಿಯಲ್ಲಿ ಬಂದ ಟಾಂಜಾನಿಯಾ ವಿದ್ಯಾರ್ಥಿನಿಯನ್ನು ಗುಂಪು ಕಟ್ಟಿ ಹೊಡೆದರಲ್ಲ, ಅವಳ ಕಾರು ಸುಟ್ಟರಲ್ಲ, ಆ ವಾರ ಅವನು ರೂಮಿಂದ ಹೊರಗೆ ಬರಲಿಲ್ಲ.

ಮಂಡ್ಯ_ಮೈಷುಗರ್:
ಸಿದ್ದಿಗಳೂ ಒಬಾಮಾ ತರವೇ ಅಲ್ವಾ, ಆಫ್ರಿಕಾದಿಂದ ಬಂದವರು?

ಯಲ್ಲಾಪುರದವ:
ಅಲ್ಲ. ಒಬಾಮಾ ಅಪ್ಪ 1959ರಲ್ಲಿ ಕೀನ್ಯಾದಿಂದ ಹವಾಯಿಗೆ ಕಾಲೇಜು ಓದಲು ವಿಮಾನ ಹತ್ತಿ ಬಂದವರು. ಸಿದ್ದಿಗಳ ಪೂರ್ವಜರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದದ್ದು. ತಪ್ಪಿಸಿಕೊಂಡು ಕಾಡು ಸೇರಿದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಉಳಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ.

ಮಾದರಿ ವ್ಯಕ್ತಿ ಅಂತ ಬಂತಲ್ಲ. 1980ರ ದಶಕದ ಕೊನೆಯಲ್ಲಿ ಸರ್ಕಾರದವರು ಬಂದು, ಆಫ್ರಿಕಾ ರಕ್ತ, ಚೆನ್ನಾಗಿ ಓಡ್ತಾರೆ ಅಂತ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದುಕೊಂಡು ಹೋದರು. ಕೆಲವೇ ವರ್ಷಕ್ಕೆ ಆ ಯೋಜನೆ ನಿಲ್ಲಿಸಿ ವಾಪಸ್ ಕಳಿಸಿದರು. ಓಡೋಕೆ ಮಾತ್ರ ನೆನಪಾದೆವು ಅಂತ ನನ್ನ ಗೆಳೆಯನ ಮಾವ ಇವತ್ತಿಗೂ ಅಂತಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದ ಮೇಲೆ ಹಾಸ್ಟೆಲ್, ಸ್ಕಾಲರ್‌ಶಿಪ್ ಬಂತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣ ಆದರು, ಅವರಲ್ಲಿ ಮೊದಲ ಶಾಸಕ. ಪಕ್ಷ ಯಾವುದಾದರೂ ಇರಲಿ, ಅವತ್ತು ಅಲ್ಲಿ ಡಮಾಮಿ ಬಾರಿಸಿ ಕುಣಿದರು. ಗೆಳೆಯನನ್ನು ಕೇಳಿದೆ, ಏನು ಬದಲಾಯ್ತೋ ಅಂತ. "ಆಟೋದವನಿಗೆ ಇನ್ನೂ ಗೊತ್ತಿಲ್ಲ, ನನ್ನ ಮಗಳಿಗೆ ಗೊತ್ತು" ಅಂದ.

ಕಾಫಿಪುಡಿ:
ಯಲ್ಲಾಪುರದವರೇ, ಇನ್ನು ಮೇಲೆ ಸುಮ್ಮನೆ ಓದಿಕೊಂಡು ಹೋಗಬೇಡಿ, ಬರೀರಿ.

ಮೇಷ್ಟ್ರು_ತುಮಕೂರು:
ನೇಪರ್‌ವಿಲ್ ಅವರೇ, ಅತ್ತೆಯ ಮೇಲೆ ಸಿಟ್ಟು ಬೇಡ. ಒಬಾಮಾ 2008ರ ಮಾರ್ಚಲ್ಲಿ ಫಿಲಡೆಲ್ಫಿಯಾದಲ್ಲಿ ಜನಾಂಗದ ಬಗ್ಗೆ ಒಂದು ಭಾಷಣ ಮಾಡಿದರು. ಅವರನ್ನು ಸಾಕಿ ಬೆಳೆಸಿದ್ದು ಅಮ್ಮನ ಅಮ್ಮ, ಬಿಳಿ ಅಜ್ಜಿ. ಮೊಮ್ಮಗ ಅಂದರೆ ಪ್ರಾಣ. ಅದೇ ಅಜ್ಜಿ, ರಸ್ತೆಯಲ್ಲಿ ಕಪ್ಪು ಗಂಡಸರು ಪಕ್ಕದಲ್ಲಿ ಹಾದುಹೋದರೆ ಹೆದರಿಕೆ ಆಗುತ್ತೆ ಅಂತ ಒಮ್ಮೆ ಹೇಳಿದ್ದರಂತೆ. ಇನ್ನೂ ಏನೇನೋ ಮಾತು ಆಡಿದ್ದರು, ಕೇಳಿ ಮುದುಡಿಹೋಗುತ್ತಿದ್ದೆ, ಆದರೂ ಆಕೆಯನ್ನು ಬಿಟ್ಟುಕೊಡಲಾರೆ ಅಂದರು. ಅಷ್ಟು ಜನರ ಎದುರು ಅಜ್ಜಿಯ ಮಾತು ಎತ್ತಬಾರದಿತ್ತು ಅಂತ ಆಗ ಕೆಲವರು ಬೈದರು. ನನಗೆ ಅದು ಆ ಭಾಷಣದಲ್ಲೇ ಅತ್ಯಂತ ನಿಜವಾದ ಭಾಗ ಅನ್ನಿಸಿತು.

ನೇಪರ್‌ವಿಲ್_ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಮ್ಯೂಸಿಯಂ ಮುಗೀತು.

ಕಾಡಿಗೆ ಬಳಿಯಲಿಲ್ಲ. ನೀಲಿ ಸೂಟು, ಕೆಂಪು ಟೈ, ಬಾವುಟದ ಪಿನ್. ಟೈ ಕಟ್ಟಲು ನಮ್ಮನೆಯವರು ವಿಡಿಯೋ ನೋಡ್ತಾ ನೋಡ್ತಾ ಮೂರು ಸಲ ಬಿಚ್ಚಿದರು. (ರಾಗಿರೊಟ್ಟಿ ಅವರೇ, ನಿಮ್ಮ ಲ್ಯಾಬಿನವರು ನೆನಪಾದರು.) ಜಿಮ್‌ನಲ್ಲಿ ಸಾಲಾಗಿ ನಿಂತಿದ್ದರು. ಇವನ ಪಕ್ಕದಲ್ಲೇ ಮೂರು ಐನ್‌ಸ್ಟೈನ್, ಅತ್ತೆ ಸುಮ್ಮನೆ ನನ್ನ ಮುಖ ನೋಡಿದರು.

ಅತ್ತೆ ಚಪ್ಪಲಿ ಬಿಟ್ಟು ಬಟನ್ ತುಳಿದರು! ಕಾಗದ ಹರಿಯುತ್ತೆ ಅಂತ. ಅವರಿಗೆ ಇಂಗ್ಲಿಷ್ ಅಷ್ಟು ಬರಲ್ಲ, ಅದಕ್ಕೆ ಇವನು ಅಜ್ಜಿಗೆ ಮಾತ್ರ ಅಂತ ಕನ್ನಡದಲ್ಲಿ ಬೇರೆ ಕಲಿತಿದ್ದ, ನನಗೂ ಹೇಳಿರಲಿಲ್ಲ. "ನಾನು ಬರಾಕ್ ಒಬಾಮಾ. ನಾನು ಹೊನೊಲುಲುವಿನಲ್ಲಿ ಹುಟ್ಟಿದೆ. ನನ್ನ ಅಪ್ಪ ಬಿಟ್ಟು ಹೋದರು. ನನ್ನನ್ನು ನನ್ನ ಅಜ್ಜಿ ತಾತ ಸಾಕಿದರು. ನಾನು ಗೆಲ್ಲುವ ಎರಡು ದಿನ ಮುಂಚೆ ನನ್ನ ಅಜ್ಜಿ ತೀರಿಕೊಂಡರು."

ಅತ್ತೆ ಇನ್ನೊಂದು ಸಲ ಬಟನ್ ತುಳಿದರು. ಪೂರ್ತಿ ಮತ್ತೆ ಕೇಳಿದರು. ಕಾರಲ್ಲಿ ಬರುವಾಗ, "ಎರಡೇ ದಿನ ನೋಡು. ಇನ್ನೆರಡು ದಿನ ಇರಬಾರದಿತ್ತಾ ಪಾಪ" ಅಂದರು. ಆಮೇಲೆ ಮನೆವರೆಗೂ ಮಾತಿಲ್ಲ. ರಾತ್ರಿ ಊರಿಗೆ ಫೋನ್ ಮಾಡಿ ನಾದಿನಿಗೆ "ನಮ್ಮ ಪುಟ್ಟ ಒಬಾಮಾ ಆಗಿದ್ದ" ಅಂತ ಹೇಳ್ತಿದ್ದಿದ್ದು ಕೇಳಿಸಿತು. ಕರಿಯ ಅನ್ನಲಿಲ್ಲ.

ಬಸವನಗುಡಿ_ಬಾಂಡ್ಲಿ:
ವಿಡಿಯೋ ಇದ್ದರೆ ಹಾಕಿ ಮೇಡಂ. ಕನ್ನಡದ್ದು.

ಮಂಡ್ಯ_ಮೈಷುಗರ್:
ಮುಂದಿನ ವರ್ಷ ವಿವೇಕ್ ಮೂರ್ತಿ. ಈಗಲೇ ಹೇಳಿಟ್ಟಿರ್ತೀನಿ.

ಅಟ್ಲಾಂಟಾ_ಅಳಿಯ:
ಆ ಸೂಟು ಎಲ್ಲಿ ತಗೊಂಡ್ರಿ? ನನ್ನ ಮಗಂದು ಏಪ್ರಿಲಲ್ಲಿದೆ, ಅವನು ಸರ್ ಎಂವಿ ಅಂತೆ. ಪೇಟ ನಾನು ಹೊಂದಿಸ್ತೀನಿ.